ಜಾತ್ರೆಯ ಅಂಗಡಿಯ ಅಯಸ್ಕಾಂತದ ಗುಂಡುಗಳು: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಇದನ್ನು ಓದಿ ಬದಿಗಿಡದೆ ದೂರು ಎಂದು ದಾಖಲಿಸಿಕೊಳ್ಳಬೇಕೆಂಬುದು ನನ್ನ ಮೊದಲ ಕೋರಿಕೆ. ಗ್ರಾಹಕ ಸಮುದಾಯದ ಹಿತಕ್ಕೆ ಧಕ್ಕೆ ತರುವ ವ್ಯವಹಾರಗಳ ಬಗ್ಗೆ ಜಿಲ್ಲಾಧಿಕಾರಿಗೆ ಲಿಖಿತ ದೂರು ಸಲ್ಲಿಸಬಹುದು ಎನ್ನುತ್ತದೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 17ನೇ ಕಲಂ. ಅದರ ಹಿಂದಿನ 16ನೇ ಕಲಂ, ದೂರು ಬಂದ ಮೇಲೆ ತಮ್ಮ ವ್ಯಾಪ್ತಿಯಲ್ಲಿ ವಿಚಾರಣೆ ನಡೆಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸುವ ಅಧಿಕಾರವನ್ನು ತಮಗೆ ಕೊಡುತ್ತದೆ. ಗುಡ್ಡ ಕುಸಿತ, ಕಡಲ್ಕೊರೆತ, ಅರಣ್ಯ ಅತಿಕ್ರಮಣದ ಅರ್ಜಿಗಳ ನಡುವೆ ಇವನೊಬ್ಬ ಆಟಿಕೆಯ ವಿಷಯ ಹಿಡಿದುಕೊಂಡು ಬಂದನಲ್ಲ ಎಂದು ತಮಗೆ ಅನಿಸಬಹುದು. ಅನಿಸಲಿ. ಪೂರ್ತಿ ಓದಿ, ಆಮೇಲೆ ತೀರ್ಮಾನಿಸಿ.

ನಾನು ಈ ಜಿಲ್ಲೆಯ ಆಸ್ಪತ್ರೆಗಳಲ್ಲಿ ಕ್ಷ-ಕಿರಣ ತಂತ್ರಜ್ಞನಾಗಿ ದುಡಿದು ನಿವೃತ್ತನಾದವನು. ವೈದ್ಯನಲ್ಲ. ರೋಗ ಇಂಥದ್ದು ಎಂದು ಹೇಳುವುದು ನನ್ನ ಕೆಲಸವಾಗಿರಲಿಲ್ಲ; ಅಳುವ ಮಗುವನ್ನು ಅಲುಗಾಡದಂತೆ ಮಲಗಿಸಿ, ಹಿಡಿದುಕೊಂಡ ತಾಯಿಗೆ ಸೀಸದ ಮೇಲಂಗಿ ತೊಡಿಸಿ, ಒಳಗಿರುವುದು ಕಾಣುವಂತೆ ಚಿತ್ರ ತೆಗೆದುಕೊಡುವುದಷ್ಟೇ ಕೆಲಸ. ಮಕ್ಕಳು ಏನೇನು ನುಂಗುತ್ತಾರೆ ಎಂಬುದು ಹೆತ್ತವರಿಗಿಂತ ನಮಗೆ ಚೆನ್ನಾಗಿ ಗೊತ್ತು. ನಾಣ್ಯ, ಪಿನ್ನು, ತಾಯತ, ಸ್ಕ್ರೂ, ಕಿವಿಯೋಲೆಯ ತಿರುಪು, ಗಡಿಯಾರದ ಸೆಲ್ಲು. ಸೆಲ್ಲಿನ ಮಾತು ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಉಳಿದವುಗಳಲ್ಲಿ ಬಹುಪಾಲು ಕೆಲವು ದಿನಗಳಲ್ಲಿ ತಾವಾಗಿಯೇ ಹೊರಗೆ ಬೀಳುತ್ತವೆ. ಹಾಗೆ ಬೀಳದ ವಸ್ತುವೊಂದು ಕೆಲವು ವರ್ಷಗಳಿಂದ ನಮ್ಮ ಪೇಟೆಗಳಿಗೆ ಬಂದು ಕೂತಿದೆ.

ಐದು ಮಿಲಿಮೀಟರ್ ವ್ಯಾಸದ, ಒಣಗಿದ ಕಾಳುಮೆಣಸಿನಷ್ಟು ದಪ್ಪದ, ಹೊಳೆಯುವ ಅಯಸ್ಕಾಂತದ ಗುಂಡು. ಅಸಲಿಗೆ ಇದು ದೊಡ್ಡವರಿಗೆಂದು ಹುಟ್ಟಿದ ವಸ್ತು. ಉದ್ದಕ್ಕೆ ಆರು, ಅಡ್ಡಕ್ಕೆ ಆರು, ಎತ್ತರಕ್ಕೆ ಆರು ಗುಂಡುಗಳಿರುವ ಒಂದು ಘನ, ಒಟ್ಟು 216. ಕಚೇರಿಯ ಮೇಜಿನ ಮೇಲಿಟ್ಟುಕೊಂಡು ಬೇಸರವಾದಾಗ ಎಳೆದು, ಜೋಡಿಸಿ, ಹೊಸ ಆಕಾರ ಮಾಡುತ್ತಾ ಕೂರಲಿಕ್ಕೆ. ಇನ್ನೂರ ಹದಿನಾರರಲ್ಲಿ ಎರಡು ಕಳೆದುಹೋದರೆ ಯಾವ ಮನೆಯಲ್ಲಿ ಯಾರಿಗೆ ಗೊತ್ತಾಗುತ್ತದೆ? ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ತಗಡಿನ ಡಬ್ಬಿಯಲ್ಲಿ ಸಿಗುತ್ತದೆ. ಡಬ್ಬಿಯ ಮೇಲೆ ಮಕ್ಕಳಿಗಲ್ಲ ಎಂದು ಇಂಗ್ಲಿಷಿನಲ್ಲಿ ಸಣ್ಣಕ್ಷರದ ಒಂದು ಸಾಲಾದರೂ ಇರುತ್ತದೆ. ಜಾತ್ರೆಯ ಅಂಗಡಿಗೆ ಬರುವಾಗ ಡಬ್ಬಿಯೂ ಇಲ್ಲ, ಸಾಲೂ ಇಲ್ಲ. ಕೆಂಪು, ಹಸಿರು, ನೀಲಿ ಬಣ್ಣ ಬಳಿದ ಗುಂಡುಗಳನ್ನು ಹತ್ತು ಇಪ್ಪತ್ತರಂತೆ ಪ್ಲಾಸ್ಟಿಕ್ ಪೊಟ್ಟಣಕ್ಕೆ ತುಂಬಿ, ಬಾಯಿಗೆ ಪಿನ್ನು ಹೊಡೆದು, ಬಲೂನು ಪೀಪಿಗಳ ಪಕ್ಕ ತೂಗುಹಾಕಿರುತ್ತಾರೆ. ಮಾರುವವನು ಒಂದು ಗುಂಡನ್ನು ತನ್ನ ಕಿವಿಯ ಹಾಲೆಯ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು, ಕೈಬಿಟ್ಟು, ತಲೆ ಅಲ್ಲಾಡಿಸಿ ತೋರಿಸುತ್ತಾನೆ. ಎರಡೂ ಬೀಳುವುದಿಲ್ಲ. ಮಕ್ಕಳು ಬಾಯಿ ತೆರೆದು ನೋಡುತ್ತಾರೆ. ಜೊತೆಗಿರುವ ಹೆತ್ತವರೂ ಸ್ವಲ್ಪ ನೋಡಬೇಕು: ಕಿವಿಯ ಹಾಲೆಯನ್ನು ದಾಟಿ ಪರಸ್ಪರ ಎಳೆದು ಹಿಡಿಯುವ ಈ ಗುಂಡುಗಳು, ಒಂದೆರಡು ಮಿಲಿಮೀಟರ್ ದಪ್ಪದ ಮಗುವಿನ ಕರುಳಿನ ಗೋಡೆಯನ್ನು ಏನು ಮಾಡಿಯಾವು?

ಇದನ್ನು ಇಂಥ ಊರಿನ ಜಾತ್ರೆಯಲ್ಲಿ ಕಂಡೆ ಎಂದು ಹೆಸರು ಹೇಳುವುದಿಲ್ಲ. ಹೇಳಿದರೆ ಆ ಒಂದು ಸಮಿತಿಯವರು ಉತ್ತರ ಕೊಡುತ್ತಾ ಕೂರಬೇಕಾಗುತ್ತದೆ, ಉಳಿದವರು ನಿರಾಳರಾಗುತ್ತಾರೆ. ಅಂಗಡಿಯವರು ಒಂದು ಊರಿನಲ್ಲಿ ಗಂಟು ಕಟ್ಟಿ ಇನ್ನೊಂದು ಊರಿನಲ್ಲಿ ಬಿಚ್ಚುವವರು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಶಿರಸಿಯ ಬಿಡಕಿಬೈಲಿನ ಗದ್ದುಗೆಗೆ ಬಂದು ಕೂತಾಗ, ಗೋಕರ್ಣದ ಶಿವರಾತ್ರಿಗೆ, ಇಡಗುಂಜಿಯ ತೇರಿಗೆ, ಅಂಕೋಲೆಯ ಬಂಡಿಹಬ್ಬಕ್ಕೆ, ಕಾರವಾರದ ಕಡಲತೀರದ ಉತ್ಸವಗಳಿಗೆ, ಎಲ್ಲ ಕಡೆಗೂ ಹೆಚ್ಚುಕಡಿಮೆ ಅದೇ ಸರಕು ಹೋಗುತ್ತದೆ.

ಗುಂಡು ಒಂದೇ ಅದರ ರೂಪವಲ್ಲ. ಪ್ಲಾಸ್ಟಿಕ್ ಗಾಳ ಇಳಿಬಿಟ್ಟು ಪ್ಲಾಸ್ಟಿಕ್ ಮೀನು ಎತ್ತುವ ಆಟಿಕೆಯನ್ನು ನೋಡಿರುತ್ತೀರಿ. ಗಾಳದ ತುದಿಯಲ್ಲೊಂದು, ಪ್ರತಿ ಮೀನಿನ ಬಾಯಲ್ಲೊಂದು ಗುಳಿಗೆಯಾಕಾರದ ಅಯಸ್ಕಾಂತ. ಅಗ್ಗದ ಅಂಟು ಕರಾವಳಿಯ ಸೆಕೆಗೆ ಬಿಟ್ಟುಕೊಳ್ಳುತ್ತದೆ, ಮಗು ಉಗುರಿನಿಂದ ಕೀಳುತ್ತದೆ. (ಬಂದರಿನಿಂದ ಬುಟ್ಟಿಗಟ್ಟಲೆ ಬಂಗಡೆ ತರುವವರ ಮನೆಯ ಮಕ್ಕಳಿಗೂ ಈ ಪ್ಲಾಸ್ಟಿಕ್ ಮೀನೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ.) ಪ್ರವಾಸಿಗರು ಒಯ್ಯುವ ಫ್ರಿಜ್ ಬಿಲ್ಲೆಯ ಹಿಂದೆ, ಹೆಂಗಸರ ಪರ್ಸಿನ ಗುಂಡಿಯಲ್ಲಿ, ಕೆಟ್ಟ ಇಯರ್‌ಫೋನಿನ ಒಳಗೆ, ಅದರ ಡಬ್ಬಿಯ ಮುಚ್ಚಳದಲ್ಲಿ ಕೂಡ ಇವು ಇರಬಹುದು.

ಅಯಸ್ಕಾಂತವೆಂದರೆ ನಮ್ಮ ತಲೆಮಾರಿನವರಿಗೆ ಶಾಲೆಯ ಕೆಂಪು ಪಟ್ಟಿ, ಹಳೆಯ ರೇಡಿಯೋ ಸ್ಪೀಕರಿನ ಹಿಂದಿನ ಕಪ್ಪು ಬಳೆ. ಮರಳಿನಲ್ಲಿ ಎಳೆದರೆ ಕಪ್ಪು ಪುಡಿ ಅಂಟುತ್ತಿತ್ತು, ಅಷ್ಟೇ ಅದರ ಪ್ರತಾಪ. ಈಗಿನದು ಆ ಜಾತಿಯದಲ್ಲ. 1980ರ ದಶಕದಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ರೂಪುಗೊಂಡ ನಿಯೋಡಿಮಿಯಂ, ಕಬ್ಬಿಣ, ಬೋರಾನ್‌ಗಳ ಮಿಶ್ರಣ ಅದು. ಹಳೆಯ ಫೆರೈಟ್ ಅಯಸ್ಕಾಂತಕ್ಕಿಂತ ಹಲವು ಪಟ್ಟು ಬಲ, ಅದೂ ಕಾಳಿನಷ್ಟು ಗಾತ್ರದಲ್ಲಿ. ನಮ್ಮ ಮೊಬೈಲು, ವಿದ್ಯುತ್ ಸ್ಕೂಟರಿನ ಮೋಟಾರು ಎಲ್ಲವೂ ಅದರಿಂದಲೇ ನಡೆಯುತ್ತಿರುವುದು. ವಸ್ತುವಿನ ಮೇಲೆ ನನಗೆ ಸಿಟ್ಟಿಲ್ಲ; ಅದು ಪೀಪಿಯ ಪಕ್ಕದಲ್ಲಿ ತೂಗುತ್ತಿರುವುದರ ಮೇಲೆ ಸಿಟ್ಟು.

ನುಂಗಿದಾಗ ಆಗುವುದೇನೆಂದು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಲ್ಲಿಯೇ ಎಲ್ಲರೂ ಎಡವುವುದು. ಒಂದೇ ಅಯಸ್ಕಾಂತ ಒಳಗೆ ಹೋದರೆ ಅದು ಬಹಳ ಸಲ ನಾಣ್ಯದ ದಾರಿಯಲ್ಲಿಯೇ ಹೊರಗೆ ಬರುತ್ತದೆ. ಎರಡು ಹೋದಾಗ, ಅಥವಾ ಒಂದು ಅಯಸ್ಕಾಂತದ ಜೊತೆ ಒಂದು ಪಿನ್ನೋ ನಾಣ್ಯವೋ ಸೆಲ್ಲೋ ಹೋದಾಗ ಲೆಕ್ಕ ಬದಲಾಗುತ್ತದೆ. ಸಣ್ಣಕರುಳು ಹೊಟ್ಟೆಯಲ್ಲಿ ಸುರುಳಿ ಸುರುಳಿಯಾಗಿ ಮಡಚಿಕೊಂಡಿದೆ. ಮಗು ಈಗೊಂದು ಆಮೇಲೊಂದು ನುಂಗಿದರೆ, ಮೊದಲನೆಯದು ಒಂದು ಸುರುಳಿಯಲ್ಲಿರುವಾಗ ಎರಡನೆಯದು ಪಕ್ಕದ ಸುರುಳಿಗೆ ಬರುತ್ತದೆ. ಎರಡೂ ಪರಸ್ಪರ ಎಳೆದುಕೊಳ್ಳುತ್ತವೆ. ನಡುವೆ ಕರುಳಿನ ಎರಡು ಗೋಡೆಗಳು ಸಿಕ್ಕಿಬೀಳುತ್ತವೆ. ಒತ್ತಿದ ಜಾಗಕ್ಕೆ ರಕ್ತ ಹರಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಆ ಜಾಗ ಸಾಯತೊಡಗುತ್ತದೆ, ಆಮೇಲೆ ತೂತಾಗುತ್ತದೆ. ತೂತಿನಿಂದ ಮಲ ಹೊಟ್ಟೆಯೊಳಗೆ ಸೋರಿದರೆ ಸೋಂಕು ರಕ್ತಕ್ಕೇರುತ್ತದೆ. ಸೋರದಿದ್ದರೆ ಎರಡು ಸುರುಳಿಗಳ ನಡುವೆ ಇರಬಾರದ ಅಡ್ಡದಾರಿಯೊಂದು ಹುಟ್ಟಿಕೊಳ್ಳುತ್ತದೆ. ಒಮ್ಮೊಮ್ಮೆ ಕರುಳು ಆ ಅಂಟಿದ ಜಾಗವನ್ನೇ ಅಚ್ಚು ಮಾಡಿಕೊಂಡು ತಿರುಚಿಕೊಳ್ಳುತ್ತದೆ.

ಇಷ್ಟೆಲ್ಲ ನಡೆಯುತ್ತಿರುವಾಗ ಮಗು ಹೇಗಿರುತ್ತದೆ? ಮೊದಮೊದಲು ಆಡಿಕೊಂಡಿರುತ್ತದೆ. ಆಮೇಲೆ ಸ್ವಲ್ಪ ಹೊಟ್ಟೆನೋವು, ಒಂದೆರಡು ವಾಂತಿ, ಜ್ವರ. ಜಾತ್ರೆಯಿಂದ ಬಂದ ಮಗುವಿಗೆ ಹೊಟ್ಟೆನೋವು ಎಂದರೆ ಯಾರಾದರೂ ಏನೆಂದುಕೊಳ್ಳುತ್ತಾರೆ? ಬತ್ತಾಸು ಹೆಚ್ಚಾಯಿತು, ಐಸ್‌ಕ್ಯಾಂಡಿ ಆಗಲಿಲ್ಲ, ದೃಷ್ಟಿ ತಾಗಿತು. ಬಟ್ಟಿ ಜಾರಿದೆ ಎಂದು ಹೊಟ್ಟೆ ತಿಕ್ಕಿಸಲು ಕರೆದುಕೊಂಡು ಹೋಗುವವರೂ ಉಂಟು. ಇದು ಅಜ್ಞಾನವೆಂದು ಮೂಗು ಮುರಿಯಬೇಕಾಗಿಲ್ಲ. ಮಗು ನುಂಗಿದ್ದನ್ನು ಯಾರೂ ನೋಡಿರುವುದಿಲ್ಲ, ಬೈಗುಳಕ್ಕೆ ಹೆದರಿ ಅದೂ ಬಾಯಿ ಬಿಡುವುದಿಲ್ಲ, ಕ್ಲಿನಿಕ್ಕಿನ ವೈದ್ಯರಿಗೂ ಮೊದಲ ಹೊತ್ತಿನಲ್ಲಿ ಇದು ಮಾಮೂಲಿ ಹೊಟ್ಟೆಕೆಟ್ಟದ್ದಾಗಿಯೇ ಕಾಣುತ್ತದೆ.

ಕ್ಷ-ಕಿರಣದ ಚಿತ್ರದಲ್ಲಿಯೂ ಮೋಸ ಹೋಗಬಹುದು. ನನ್ನ ವೃತ್ತಿಯ ಮಾತಾದ್ದರಿಂದ ಇದನ್ನು ಹೇಳಲೇಬೇಕು. ಒಮ್ಮೆ ಒಂದು ತಾಲ್ಲೂಕಿನ ಆಸ್ಪತ್ರೆಗೆ ವಾಂತಿಯೆಂದು ಬಂದ ಹುಡುಗಿಯ ಹೊಟ್ಟೆಯ ಚಿತ್ರ ತೆಗೆದಾಗ, ಹೊಕ್ಕುಳಿನ ಎಡಕ್ಕೆ ಒಂದೇ ಒಂದು ದುಂಡನೆಯ ಬಿಳಿ ಚುಕ್ಕೆ ಕಂಡಿತು. ಅಂಚು ಚೊಕ್ಕ, ಗಾತ್ರ ಸಣ್ಣದು. ಯಾರು ನೋಡಿದರೂ ಮಣಿ ನುಂಗಿದ್ದಾಳೆ, ಹೋಗುತ್ತದೆ ಎನ್ನುವಂಥ ಚಿತ್ರ. ಅವಳನ್ನು ಪಕ್ಕಕ್ಕೆ ಹೊರಳಿಸಿ ಇನ್ನೊಂದು ತೆಗೆದೆವು. ಅದರಲ್ಲಿ ಚುಕ್ಕೆ ಒಂದಲ್ಲ, ಒಂದರ ಹಿಂದೆ ಒಂದು ನಿಂತ ಸಾಲು. ಸಾಲಿನ ನಡುವೆ ಒಂದು ಕಡೆ ಮಾತ್ರ ಕೂದಲೆಳೆಯಷ್ಟು ಕಪ್ಪು ಸಂದು. ಉಳಿದೆಡೆ ಗುಂಡಿಗೆ ಗುಂಡು ತಾಗಿಕೊಂಡೇ ಇತ್ತು. ಆ ಸಂದಿನಲ್ಲಿ ಇದ್ದದ್ದು ಅವಳ ಕರುಳು. ಅಯಸ್ಕಾಂತಗಳ ನಡುವೆ ಬಿಡುವು ಕಂಡರೆ ಅಲ್ಲಿ ಏನೋ ಸಿಕ್ಕಿಕೊಂಡಿದೆ ಎಂದೇ ಅರ್ಥ. ಸುಮ್ಮನೆ ದೂರ ನಿಲ್ಲುವುದು ಅವುಗಳ ಸ್ವಭಾವವಲ್ಲ. ಹುಡುಗಿಯನ್ನು ಆ ರಾತ್ರಿಯೇ ಪಕ್ಕದ ಜಿಲ್ಲೆಗೆ ಕಳಿಸಿದರು, ಶಸ್ತ್ರಚಿಕಿತ್ಸೆಯಾಯಿತು, ಬದುಕಿದಳು. ಎರಡನೆಯ ಚಿತ್ರ ತೆಗೆಯದೆ ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತೆಂದು ನಾನು ಬರೆಯಬೇಕಾಗಿಲ್ಲ.

ನಾಣ್ಯದ ಅನುಭವವೇ ಇಲ್ಲಿ ನಮ್ಮ ಶತ್ರು. ನಾಣ್ಯ ನುಂಗಿದ ಮಗುವಿಗೆ ಬಾಳೆಹಣ್ಣು ತಿನ್ನಿಸಿ ಕಾದ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿಲ್ಲ? ಕಾದು ಗೆದ್ದವರೇ ಹೆಚ್ಚು, ಆದ್ದರಿಂದ ಅದು ವೇದವಾಕ್ಯವಾಗಿಬಿಟ್ಟಿದೆ. ಅಯಸ್ಕಾಂತದ ವಿಷಯದಲ್ಲಿ ಬಾಳೆಹಣ್ಣು ಎರಡು ರೀತಿಯಲ್ಲಿ ಕೇಡು. ಮೊದಲನೆಯದು, ಗುಂಡುಗಳು ಇನ್ನೂ ಜಠರದಲ್ಲಿರುವಾಗ ಬಾಯಿಯ ಮೂಲಕ ಎಂಡೋಸ್ಕೋಪ್ ಎಂಬ ಕ್ಯಾಮೆರಾ ನಳಿಕೆ ಇಳಿಸಿ ತೆಗೆಯಬಹುದಾದ ಅಮೂಲ್ಯ ಹೊತ್ತು ಕಾಯುವುದರಲ್ಲಿಯೇ ಕಳೆಯುತ್ತದೆ. ಕರುಳಿಗೆ ಇಳಿದ ಮೇಲೆ ಹೊಟ್ಟೆ ತೆರೆಯಬೇಕಾಗಬಹುದು. ಎರಡನೆಯದು, ಹೊಟ್ಟೆ ತುಂಬಿದ ಮಗುವಿಗೆ ಅರಿವಳಿಕೆ ಕೊಡುವುದು ಕಷ್ಟ. ಕಾದು ನೋಡೋಣ ಎಂಬ ಮಾತು ನಾಣ್ಯಕ್ಕೆ ಸರಿ, ಇದಕ್ಕೆ ಸಲ್ಲದು.

ಇದು ಕೂಸುಗಳ ಸಮಸ್ಯೆ ಎಂದುಕೊಳ್ಳುವುದೂ ತಪ್ಪು. ಚುಚ್ಚಿಸಿಕೊಳ್ಳದೆ ಧರಿಸುವ ಮೂಗುಬೊಟ್ಟು ತಾವು ನೋಡಿರಬಹುದು: ಹೊರಗೆ ಹರಳು, ಮೂಗಿನ ಒಳಗೆ ಬೇಳೆಯಷ್ಟು ಅಯಸ್ಕಾಂತ. ಶಾಲೆಯ ನೃತ್ಯಕ್ಕೆ, ಮಕ್ಕಳ ಯಕ್ಷಗಾನದ ಸ್ತ್ರೀವೇಷಕ್ಕೆ ಬಳೆ ಅಂಗಡಿಯಿಂದ ಇದನ್ನೇ ತರುತ್ತಾರೆ. ಸೀನಿದರೆ, ಜೋರಾಗಿ ಉಸಿರೆಳೆದರೆ ಒಳಗಿನ ತುಣುಕು ಗಂಟಲಿಗೆ ಹೋಗುತ್ತದೆ. ತುಟಿಗೂ ನಾಲಿಗೆಗೂ ಚುಚ್ಚಿಸಿಕೊಂಡಂತೆ ಕಾಣಲೆಂದು ಎರಡು ಗುಂಡುಗಳನ್ನು ಎದುರುಬದುರು ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವ ಗೀಳು ಹೊರದೇಶಗಳ ಹದಿಹರೆಯದವರಲ್ಲಿ ಎಷ್ಟು ಮಂದಿಯನ್ನು ಶಸ್ತ್ರಚಿಕಿತ್ಸೆಗೆ ಕಳಿಸಿದೆಯೆಂದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಗಳ ಮೇಲೆ ವರದಿಗಳಿವೆ. ನಮ್ಮ ಮಕ್ಕಳ ಕೈಯಲ್ಲೂ ಅದೇ ಮೊಬೈಲು ಇದೆ. 2025ರಲ್ಲಿ ನ್ಯೂಜಿಲೆಂಡಿನಿಂದ ವರದಿಯಾದ ಪ್ರಕರಣದಲ್ಲಿ 13 ವರ್ಷದ ಹುಡುಗನೊಬ್ಬ 80ರಿಂದ 100 ಸಣ್ಣ ಅಯಸ್ಕಾಂತಗಳನ್ನು ನುಂಗಿದ್ದ. ಕರುಳಿನ ಸತ್ತ ಭಾಗಗಳನ್ನು ಕತ್ತರಿಸಿ ತೆಗೆಯಬೇಕಾಯಿತು. ಆ ದೇಶದಲ್ಲಿ ಇವುಗಳ ಮಾರಾಟಕ್ಕೆ 2013ರಿಂದಲೇ ನಿಷೇಧವಿದೆ. ಅವನಿಗೆ ಸಿಕ್ಕಿದ್ದು ಆನ್‌ಲೈನ್‌ನಲ್ಲಿ.

ಈಗ ನಮ್ಮ ಜಿಲ್ಲೆಯ ಭೂಗೋಳಕ್ಕೆ ಬನ್ನಿ. ಬೆಂಗಳೂರಿನಲ್ಲಿ ಮಗು ಅಯಸ್ಕಾಂತ ನುಂಗಿದರೆ ಅರ್ಧ ಗಂಟೆಯಲ್ಲಿ ಮಕ್ಕಳ ಶಸ್ತ್ರಚಿಕಿತ್ಸಕರ ಮುಂದಿರಬಹುದು. ಇಲ್ಲಿ? ಕಾರವಾರದವರು ಗೋವಾದ ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯತ್ತ ನೋಡುತ್ತಾರೆ. ರಾಜ್ಯದೊಳಗೇ ಎಂದರೆ ಮಂಗಳೂರು ಇನ್ನೂರೈವತ್ತು ಕಿಲೋಮೀಟರಿಗೂ ಆಚೆ. ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್. ಸಿದ್ದಾಪುರದ ಒಳಹಳ್ಳಿಯಿಂದ, ಜೋಯಿಡಾದ ಕಾಡಿನ ನಡುವಿನ ಮನೆಯಿಂದ ಡಾಂಬರು ರಸ್ತೆಗೆ ಬರುವ ಹೊತ್ತನ್ನು ಇದಕ್ಕೆ ಸೇರಿಸಿಕೊಳ್ಳಿ. ದೇವಿಮನೆ ಘಟ್ಟ, ಅರಬೈಲು ಘಟ್ಟಗಳ ಮಳೆಗಾಲದ ಸ್ಥಿತಿಯನ್ನು ತಮಗೆ ನಾನು ವರ್ಣಿಸಿ ಹೇಳಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದಾಗ ಕಾರವಾರ, ಅಂಕೋಲೆಯವರಿಗೆ ದಕ್ಷಿಣದ ಆಸ್ಪತ್ರೆಗಳೇ ಮುಚ್ಚಿದಂತಾಗಿತ್ತು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಇನ್ನೊಂದು ಶಿರೂರಿನ, ಬೈಂದೂರು ಬಳಿಯ ಟೋಲ್‌ಗೇಟಿನಲ್ಲಿ ಉರುಳಿ ರೋಗಿಯೂ ಸೇರಿ ನಾಲ್ವರು ಸತ್ತರು. ಅದರ ಬೆನ್ನಿಗೇ ಸುಸಜ್ಜಿತ ಆಸ್ಪತ್ರೆ ಬೇಕೆಂಬ ನಮ್ಮ ಹಳೆಯ ಕೂಗು ಮತ್ತೆ ಎದ್ದಿತು. ಆ ಕೂಗನ್ನು ಈ ಪತ್ರದಲ್ಲಿ ಮುಂದುವರಿಸುವುದಿಲ್ಲ. ಆಸ್ಪತ್ರೆ ಕಟ್ಟಲು ವರ್ಷಗಳು ಬೇಕು, ಕೋಟಿಗಳು ಬೇಕು. ಪೊಟ್ಟಣವನ್ನು ಅಂಗಡಿಯ ಹಗ್ಗದಿಂದ ಇಳಿಸಲು ಒಂದು ಆದೇಶ ಸಾಕು. ಚಿಕಿತ್ಸೆ ಇಷ್ಟು ದೂರವಿರುವ ಜಿಲ್ಲೆಯಲ್ಲಿ ತಡೆ ಹತ್ತಿರವಿರಬೇಕು. ನಾನು ಹೇಳುತ್ತಿರುವುದು ಇಷ್ಟೇ.

ಕಾನೂನು ಇಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇಂದ್ರ ಸರ್ಕಾರದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2020ರಲ್ಲಿ ಹೊರಟು 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆ, ದೇಶದ್ದಾಗಲಿ ವಿದೇಶದ್ದಾಗಲಿ, ಐಎಸ್‌ಐ ಗುರುತಿಲ್ಲದೆ ಮಾರುವಂತಿಲ್ಲ. ನೋಂದಾಯಿತ ಕುಶಲಕರ್ಮಿಗಳಿಗೆ, ಚನ್ನಪಟ್ಟಣದ ಗೊಂಬೆಗಳಂಥ ಭೌಗೋಳಿಕ ಸೂಚಿಯ ಸರಕಿಗೆ ವಿನಾಯಿತಿ ಇದೆ, ಅದು ಸರಿಯಾದದ್ದೇ. ವಿದ್ಯುತ್ ಬಳಸದ ಆಟಿಕೆಗಳಿಗೆ ಅನ್ವಯಿಸುವ ಮಾನಕ ಐಎಸ್ 9873. ಮಗುವಿನ ಗಂಟಲಿಗೆ ಇಳಿಯುವಷ್ಟು ಸಣ್ಣ ಅಯಸ್ಕಾಂತ ಆಟಿಕೆಯಿಂದ ಬಿಡಿಯಾಗಿ ಕೈಗೆ ಬರುವಂತಿದ್ದರೆ ಅದರ ಬಲ ನಿಗದಿತ ಮಿತಿಯೊಳಗಿರಬೇಕೆಂದು ಮಾನಕ ಹೇಳುತ್ತದೆ. ನಾನು ಹೇಳುತ್ತಿರುವ ಗುಂಡಿನ ಬಲ ಆ ಮಿತಿಯ ಹಲವು ಪಟ್ಟು. ಆದೇಶ ಮುರಿದರೆ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಕಾಯ್ದೆಯಡಿ ಮೊದಲ ಸಲ ಎರಡು ವರ್ಷದವರೆಗೆ ಸೆರೆ, ಅಥವಾ ಎರಡು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. 2023ರ ಜನವರಿಯಲ್ಲಿ ದೊಡ್ಡ ಊರುಗಳ ವಿಮಾನ ನಿಲ್ದಾಣ, ಮಾಲ್‌ಗಳ ಹೆಸರಾಂತ ಮಳಿಗೆಗಳಿಂದಲೇ ಗುರುತಿಲ್ಲದ ಆಟಿಕೆಗಳನ್ನು ಜಪ್ತಿ ಮಾಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಮಾಲಿಗೆ ಹೋದ ಕಾನೂನು ತೇರಿನ ಬೀದಿಗೂ ಬರಬಹುದಲ್ಲ?

ಕಾನೂನಿನ ಕಂಡಿ ಇರುವುದು ಬೇರೆಡೆ. ಇದು ಆಟಿಕೆಯಲ್ಲ, ದೊಡ್ಡವರ ಮನಸ್ಸಿನ ಒತ್ತಡ ಇಳಿಸುವ ಸಾಧನ ಎಂದು ಬರೆದುಬಿಟ್ಟರೆ ಆಟಿಕೆಯ ನಿಯಮ ಹಿಂದೆ ಸರಿಯುತ್ತದೆ. ಮೂಗುಬೊಟ್ಟು ಒಡವೆ, ಅದಕ್ಕೂ ಸಲ್ಲುವುದಿಲ್ಲ. ಇದೇ ಕಂಡಿಯಲ್ಲಿ ಅಮೆರಿಕ ವರ್ಷಗಟ್ಟಲೆ ಒದ್ದಾಡಿತು. 2007ರಲ್ಲಿ ಮ್ಯಾಟೆಲ್ ಕಂಪನಿ ಸಡಿಲ ಅಯಸ್ಕಾಂತದ ಕಾರಣಕ್ಕೆ ಜಗತ್ತಿನಾದ್ಯಂತ ಸುಮಾರು 1.8 ಕೋಟಿ ಆಟಿಕೆಗಳನ್ನು ಹಿಂದಕ್ಕೆ ಕರೆಯಿತು. ಆಟಿಕೆಯ ನಿಯಮ ಬಿಗಿಯಾಯಿತು. ಅಷ್ಟರಲ್ಲಿ ದೊಡ್ಡವರ ಗುಂಡುಗಳು ಬಂದವು. 2014ರಲ್ಲಿ ಅವುಗಳಿಗೂ ನಿಯಮ ಮಾಡಿದರು, 2016ರಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಗುಂಡುಗಳು ಮತ್ತೆ ಪೇಟೆಗೆ ಬಂದವು. 2017ರಿಂದ 2021ರವರೆಗೆ ವರ್ಷಕ್ಕೆ ಸುಮಾರು 2,400 ಅಯಸ್ಕಾಂತ ನುಂಗಿದ ಪ್ರಕರಣಗಳು ಆಸ್ಪತ್ರೆಯ ತುರ್ತು ವಿಭಾಗಗಳಿಗೆ ಬಂದವೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗವೇ ಅಂದಾಜಿಸಿದೆ. 2022ರಲ್ಲಿ ಹೊಸ ನಿಯಮ ಮಾಡುವಾಗ ಅವರು ಜಾಣರಾಗಿದ್ದರು: ಮನರಂಜನೆ, ಒಡವೆ, ಒತ್ತಡ ನಿವಾರಣೆ, ಹೆಸರು ಏನೇ ಇರಲಿ, ಸಡಿಲವಾದ ಸಣ್ಣ ಅಯಸ್ಕಾಂತವಾಗಿದ್ದರೆ ಬಲಕ್ಕೆ ಮಿತಿ. ಆಸ್ಟ್ರೇಲಿಯ 2012ರಲ್ಲಿಯೇ ನಿಷೇಧಿಸಿತು. ನಮ್ಮಲ್ಲಿ ಅಂಥ ನಿಯಮ ಬರಬೇಕಾದರೆ ಕೇಂದ್ರಕ್ಕೆ ವರದಿಗಳು ಹೋಗಬೇಕು, ಮತ್ತು ವರದಿ ಜಿಲ್ಲೆಗಳಿಂದಲೇ ಹೋಗಬೇಕು. ತಮ್ಮ 16ನೇ ಕಲಮಿನ ವರದಿ ಅಂಥದ್ದೊಂದಾಗಲಿ.

ವರದಿ ಹೋಗಿ ನಿಯಮ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಜಾತ್ರೆ, ಉತ್ಸವಗಳಲ್ಲಿ ಅಂಗಡಿಗೆ ಜಾಗ ಕೊಡುವಾಗ ದೇವಸ್ಥಾನದ ಆಡಳಿತವೋ ನಗರಸಭೆಯೋ ಪಂಚಾಯಿತಿಯೋ ಷರತ್ತುಗಳ ಪಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತದೆ: ಬೆಂಕಿ ಹಚ್ಚಬಾರದು, ಪ್ಲಾಸ್ಟಿಕ್ ಚೀಲ ಕೊಡಬಾರದು, ಇಷ್ಟು ಹೊತ್ತಿಗೆ ಮುಚ್ಚಬೇಕು. ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಿ: ಐಎಸ್‌ಐ ಗುರುತಿಲ್ಲದ ಆಟಿಕೆ, ಬಿಡಿ ಅಯಸ್ಕಾಂತದ ಗುಂಡು, ಅಯಸ್ಕಾಂತದ ಮೂಗುಬೊಟ್ಟು ಮಾರಿದರೆ ಜಾಗ ರದ್ದು. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಹುದ್ದೆ ಬೇಡ. ಬಿಐಎಸ್ ಅಧಿಕಾರಿಗಳು ಪ್ರತಿ ತೇರಿಗೂ ಬರಲಾರರು, ಒಪ್ಪುತ್ತೇನೆ. ಆದರೆ ತೂಕ, ಅಳತೆಗಳನ್ನು ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ನಮ್ಮಲ್ಲಿಯೇ ಇದ್ದಾರೆ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಬೆಲೆ ಇಲ್ಲದ ಪೊಟ್ಟಣ ಮಾರುವುದೇ 2011ರ ಪೊಟ್ಟಣ ಸರಕುಗಳ ನಿಯಮಕ್ಕೆ ವಿರುದ್ಧ. ಒಳಗೆ ಅಯಸ್ಕಾಂತವಿದೆಯೋ ಕಡಲೆ ಇದೆಯೋ ಎಂದು ನೋಡುವ ಮೊದಲೇ ಅವರು ಅದನ್ನು ಎತ್ತಿಕೊಳ್ಳಬಹುದು.

ಒಂದು ವಿನಂತಿ. ಹಗ್ಗಕ್ಕೆ ಪೊಟ್ಟಣ ಕಟ್ಟಿ ಕೂತ ಬಡಪಾಯಿಯ ಮೇಲೆ ಎರಡು ಲಕ್ಷದ ದಂಡ ಜಡಿದು ಕೆಲಸ ಮುಗಿಯಿತೆನ್ನಬೇಡಿ. ಅವನ ಇಡೀ ಅಂಗಡಿಯ ಬಂಡವಾಳ ಅಷ್ಟಿರುವುದಿಲ್ಲ, ತಾನು ಮಾರುತ್ತಿರುವುದು ಏನೆಂದೂ ಅವನಿಗೆ ಗೊತ್ತಿರುವುದಿಲ್ಲ; ತನ್ನ ಮಗುವಿನ ಕೈಗೂ ಅದನ್ನೇ ಕೊಟ್ಟು ಕೂರಿಸಿರುತ್ತಾನೆ. ಗಂಟು ಎಲ್ಲಿಂದ ಬಂತೆಂದು ಕೇಳಿ, ಸಗಟು ಅಂಗಡಿಯ ಬಾಗಿಲು ತಟ್ಟಿಸಿ.

ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ತಾವು ಒಂದು ಸುತ್ತೋಲೆ ಕಳಿಸಲು ಹೇಳಬೇಕು. ಲೋಹದ ವಸ್ತು ನುಂಗಿದೆಯೆಂಬ ಅನುಮಾನವಿರುವ ಮಗುವಿನ ಚಿತ್ರವನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಯಬೇಕು. ಅಯಸ್ಕಾಂತವೆಂದು ತಿಳಿದರೆ, ಅದು ಒಂದೋ ಹೆಚ್ಚೋ ಎಂಬ ಚರ್ಚೆಗೆ ಕೂರದೆ, ದೊಡ್ಡ ಆಸ್ಪತ್ರೆಗೆ ಮೊದಲೇ ಫೋನು ಮಾಡಿ ಕಳಿಸಬೇಕು. ಸ್ವತಃ ಭಾರೀ ಅಯಸ್ಕಾಂತವಾದ ಎಂಆರ್‌ಐ ಯಂತ್ರದ ಹತ್ತಿರ ಮಗು ಸುಳಿಯಬಾರದು. ಆಶಾ ಕಾರ್ಯಕರ್ತೆಯರ, ಅಂಗನವಾಡಿಯವರ ತಿಂಗಳ ಸಭೆಯಲ್ಲಿ ಹತ್ತು ನಿಮಿಷ ಈ ಮಾತಿಗೆ ಸಿಗಲಿ.

ಇದನ್ನು ಓದುತ್ತಿರುವ ಹೆತ್ತವರಿಗೂ ಎರಡು ಮಾತು. ಮಗು ಅಯಸ್ಕಾಂತ ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ಹೊರಡಿ. ವಾಂತಿ ಮಾಡಿಸಬೇಡಿ, ಏನನ್ನೂ ತಿನ್ನಿಸಬೇಡಿ, ಹೊಟ್ಟೆ ತಿಕ್ಕಬೇಡಿ, ಬೈಯಲೂ ಬೇಡಿ. ಬೈದರೆ ಎಷ್ಟು ನುಂಗಿದೆ ಎಂಬುದನ್ನು ಅದು ಹೇಳುವುದೇ ಇಲ್ಲ. ಅದೇ ತರಹದ ಇನ್ನೊಂದು ಗುಂಡು ಮನೆಯಲ್ಲಿದ್ದರೆ ಡಬ್ಬಿಯಲ್ಲಿ ಹಾಕಿ ಜೊತೆಗೆ ತನ್ನಿ. ವಾಹನವಿಲ್ಲದಿದ್ದರೆ 108. ಗಡಿಯಾರದ ಬಿಲ್ಲೆಯಾಕಾರದ ಸೆಲ್ಲು ನುಂಗಿದ್ದರೆ ಇನ್ನೂ ಅವಸರ: ಅನ್ನನಾಳದಲ್ಲಿ ಸಿಕ್ಕಿಕೊಂಡ ಸೆಲ್ಲು ಎರಡು ಗಂಟೆಯೊಳಗೆ ಸುಡತೊಡಗುತ್ತದೆ. ಅಲ್ಲಿ ಮಾತ್ರ, ಮಗುವಿಗೆ ಒಂದು ವರ್ಷ ದಾಟಿದ್ದು ನುಂಗಲು ತೊಂದರೆಯಿಲ್ಲದಿದ್ದರೆ, ಆಸ್ಪತ್ರೆಯ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಚಮಚ ಜೇನು ಕೊಡಬಹುದೆಂದು ತಜ್ಞರು ಹೇಳುತ್ತಾರೆ. ಜೇನಿಗಾಗಿ ಪ್ರಯಾಣ ತಡವಾಗಬಾರದು. ಮನೆಯಲ್ಲಿ ಈಗಾಗಲೇ ಗುಂಡುಗಳಿದ್ದರೆ ಎತ್ತರದ ಕಪಾಟು ಪರಿಹಾರವಲ್ಲ, ಮನೆಯಿಂದಲೇ ಹೊರಗೆ ಹಾಕಿ. ಅಂಗಡಿಯಲ್ಲಿ ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆಟಿಕೆಯ ಮೇಲಿನ ಪರವಾನಗಿ ಸಂಖ್ಯೆ ಒತ್ತಿದರೆ ಗುರುತು ಅಸಲಿಯೋ ನಕಲಿಯೋ ಗೊತ್ತಾಗುತ್ತದೆ, ದೂರನ್ನೂ ಅಲ್ಲಿಯೇ ಕೊಡಬಹುದು.

ಮಾನ್ಯರೇ, ಜಾತ್ರೆಗಳಲ್ಲಿ ನಾನು ಕೊಂಡ ಪೊಟ್ಟಣಗಳನ್ನು, ಕೊಂಡ ದಿನ ಬರೆದು, ಬಾಯಿ ಬಿಚ್ಚದೆ ಇಟ್ಟಿದ್ದೇನೆ. ಅವುಗಳನ್ನು ಈ ಪತ್ರದ ಸಹಿ ಮಾಡಿದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ತಲುಪಿಸುತ್ತೇನೆ; ಮಾದರಿಯನ್ನು ಬಿಐಎಸ್ ಪ್ರಯೋಗಾಲಯಕ್ಕೆ ಕಳಿಸಿ ಬಲ ಅಳೆಯಿಸುವುದು ತಮ್ಮಿಂದ ಆಗಬೇಕಾದ ಕೆಲಸ. ಆರೋಗ್ಯ ಇಲಾಖೆಯವರು ತಾಲ್ಲೂಕು ಆಸ್ಪತ್ರೆಗಳ ಕ್ಷ-ಕಿರಣ ವಿಭಾಗದ ಹೊಸಬರನ್ನು ಒಂದು ಕಡೆ ಸೇರಿಸಿದರೆ, ಎರಡು ಕೋನದ ಚಿತ್ರದಲ್ಲಿ ಏನನ್ನು ಹುಡುಕಬೇಕೆಂದು ಬಂದು ತೋರಿಸಿಕೊಡುತ್ತೇನೆ. ಗೌರವಧನ ಬೇಡ, ಸಭೆಯನ್ನು ಮಾತ್ರ ಮಳೆಗಾಲಕ್ಕೆ ಮೊದಲು, ಮುಂದಿನ ಜಾತ್ರೆಯ ಜಾಗ ಹರಾಜಿಗೂ ಮೊದಲು ಇಟ್ಟುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕ್ಷ-ಕಿರಣ ತಂತ್ರಜ್ಞ
ಕುಮಟಾ ತಾಲ್ಲೂಕು, ಉತ್ತರ ಕನ್ನಡ